ಸೊಸಿ ಲಗ್ನದ ಸೀರೆ

ಬಿಸಿಲು ಅತ್ತೆಯ ಕನ್ನಡಕದ ಮೇಲೆ ಬಂದು ಕೂತು, ಎದ್ದು ಹೋಗಿ, ಮತ್ತೆ ಬಂದು ಕೂತಿತು — ಮೆಟ್ರೋ ಮೂಸಾಪೇಟದ ಕಟ್ಟಡಗಳ ಮಗ್ಗುಲಲ್ಲಿ ಹೋಗುವಾಗ ಯಾವಾಗಲೂ ಹೀಗೆಯೇ, ಕಟ್ಟಡ ಬಂದರೆ ನೆರಳು, ಸಂದು ಬಂದರೆ ಬೆಳಕು — ಆ ಬೆಳಕಿನಲ್ಲಿ ಮಾರ್ಥಾಬಾಯಿ ಕಣ್ಣು ಮುಚ್ಚಿಕೊಂಡಿರುವುದು ನಿದ್ದೆಗೋ ಪ್ರಾರ್ಥನೆಗೋ ಎಂಬುದು ಲಿಡಿಯಾಗೆ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಾಗಿಲ್ಲ, ತುಟಿ ಅಲುಗಿದರೆ ಪ್ರಾರ್ಥನೆ, ಬಾಯಿ ತೆರೆದರೆ ನಿದ್ದೆ, ಈಗ ಎರಡೂ ನಡೆದಿವೆ, ಯಾವುದಕ್ಕೂ ಅಡ್ಡ ಬರುವುದು ಬೇಡ. ಶನಿವಾರ ಬೆಳಿಗ್ಗೆ ಇಷ್ಟು ಜನ ಎಲ್ಲಿಗೆ ಹೋಗುತ್ತಾರೋ, ಎದುರಿನ ಹುಡುಗಿ ಕಾಡಿಗೆ ಹಚ್ಚಿಕೊಳ್ಳುತ್ತಿದ್ದಾಳೆ, ರೈಲು ಅಲುಗಿದರೂ ಅವಳ ಕೈ ಅಲುಗುವುದಿಲ್ಲ, ಎದುರಿಗೆ ಕೂತ ಈ ನಲವತ್ತು ದಾಟಿದ ಹೆಂಗಸು ಕೋಠಿ ಪೇಟೆಗೆ ತನ್ನ ಮದುವೆಯ ಸೀರೆ ತರಲು ಹೊರಟಿದ್ದಾಳೆಂದು ಅವಳಿಗೇನು ಗೊತ್ತು, ಗೊತ್ತಾದರೆ ನಕ್ಕಾಳು, ಪಕ್ಕದಲ್ಲಿ ಬಾಯಿ ತೆರೆದು ಕೂತವರು ಯಾರು, ನಿಮ್ಮ ಅಮ್ಮನಾ ಎಂದು ಕೇಳಿಯಾಳು, ಅಲ್ಲಮ್ಮ, ಅತ್ತೆ, ಹಾಗಾದರೆ ನೀವು ಮದುವೆಯಾಗುವವರ ತಾಯಿಯಾ, ಅಲ್ಲ, ಬಿಟ್ಟುಹೋದವನ ತಾಯಿ — ಇಷ್ಟು ಹೇಳುವಷ್ಟರಲ್ಲಿ ಎರ್ರಗಡ್ಡ ಬಂದಿರುತ್ತದೆ, ಹುಡುಗಿ ಕಾಡಿಗೆ ಡಬ್ಬಿ ಮುಚ್ಚಿಕೊಂಡು ಇಳಿದುಹೋಗಿರುತ್ತಾಳೆ. ಲಿಡಿಯಾಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು.

ಬಿಟ್ಟುಹೋದವನು, ಎಷ್ಟು ಸಲೀಸಾಗಿ ಬರುತ್ತದೆ ಈಗ ಈ ಮಾತು, ಒಂದು ಕಾಲಕ್ಕೆ ಊರಲ್ಲಿಲ್ಲ ಅನ್ನುತ್ತಿದ್ದಳು. ಸೂರ್ಯಕಾಂತ ಕೆಲಸವೆಂದು ಪುಣೆಗೆ ಹೋದವನು ಮೊದಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ ಮಾತ್ರ, ಒಂದು ಕ್ರಿಸ್ಮಸ್ಸಿಗೆ ಬಂದವನು ಕೇಕಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಹೇಳಿದ, ಅಲ್ಲಿ ಒಬ್ಬಾಕಿ ಅದಾಳ, ಆಕಿಗೆ ದಿನ ತುಂಬ್ಯಾವ. ಕೇಕು ತಾನೇ ಮಾಡಿದ್ದು, ಅವನು ಅದನ್ನು ತಿಂದು ಮುಗಿಸಿದನೋ ತಟ್ಟೆಯಲ್ಲಿಟ್ಟನೋ ಎಂಬುದೊಂದೇ ಈಗ ನೆನಪಾಗುವುದಿಲ್ಲ. ಪೆಟ್ಟಿಗೆ ಇಳಿಸುತ್ತ ಅವ್ವಾ, ನೀನೂ ನಡಿ ಅಂದ, ಒಬ್ಬನೇ ಮಗ, ಕರೆಯಬೇಕಾದ್ದೇ, ಮಾರ್ಥಾಬಾಯಿ ಮೆಂತ್ಯಪಲ್ಲೆ ಸೋಸುತ್ತ ಕೂತವರು ತಲೆ ಎತ್ತಲಿಲ್ಲ, ನಾ ಎಲ್ಲಿಗಿ ಬರ್ಲಿ, ನನ್ನ ಸೊಸಿ ಇಲ್ಲಿ ಅದಾಳ, ಹೋಗಾಂವ ನೀ ಹೋಗು, ಹೋಗುಮುಂದ ಬಾಗ್ಲಾ ಎಳಕೊಂಡು ಹೋಗು, ಬೆಕ್ಕು ಬರ್ತೈತಿ. ಬಾಗಿಲು ಎಳೆದ ಸದ್ದು, ಮೆಂತ್ಯದ ಕಹಿ ವಾಸನೆ, ರಾತ್ರಿ ಅದೇ ಪಲ್ಲೆ, ಇಬ್ಬರೂ ಉಂಡರು, ಉಂಡಿದ್ದಕ್ಕೆ ಇಬ್ಬರಿಗೂ ಆಶ್ಚರ್ಯ. ಆಮೇಲೆ ನೋಟೀಸು, ಕೋರ್ಟು, ಬಿಡುಗಡೆ, ಅವನು ಆ ಹೆಂಗಸನ್ನು ರಿಜಿಸ್ಟರಲ್ಲಿ ಮದುವೆಯಾದ ಸುದ್ದಿ. ಆಗಿನ ಅಯ್ಯನವರು, ಅಂದರೆ ಸಭೆಯ ಹಳೆಯ ಪಾದ್ರಿಗಳು, ಒಳ್ಳೆಯವರೇ, ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು, ಕೋರ್ಟು ಬಿಡಿಸಿರಬಹುದು ತಂಗಿ, ದೇವರು ಬಿಡಿಸಿಲ್ಲ, ಆತ ಇರೋತನಕ ನೀ ಆತನ ಹೆಂಡತೀನೇ, ಪ್ರಾರ್ಥನಾ ಮಾಡು, ತಿರಗಿ ಬರ್ತಾನ. ಮಾಡಿದಳು, ಮೊಣಕಾಲೂರಿ ದಿನಾಲೂ ಮಾಡಿದಳು, ಒಂದು ಸಂಜೆ ಹಾಗೆ ಪ್ರಾರ್ಥಿಸುವಾಗಲೇ ಗಾಬರಿಯಾಯಿತು — ನಿಜಕ್ಕೂ ಬಂದುಬಿಟ್ಟರೆ? ಅಲ್ಲಿಗೇ ಆಮೆನ್ ಅಂದು ಎದ್ದಳು, ಅತ್ತೆಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ಅದಕ್ಕೇ ಅಂಜಾಕತ್ತಿದ್ದೆ, ನಿನ್ನ ಪ್ರಾರ್ಥನಾ ಭಾಳ ಗಟ್ಟಿ.

ಅಮೀರ್‌ಪೇಟ, ಜನ ನುಗ್ಗಿತು, ಯಾರದೋ ಬೆನ್ನುಚೀಲ ಮೊಣಕಾಲಿಗೆ ತಾಗಿತು. ಕೆಳಗಿನ ಮನೆಯ ಫಿಲೋಮಿನಾ ಮಂಗಳೂರಿನ ಕೆಥೊಲಿಕರು, ಅವರಲ್ಲಿ ಬೇರೆಯದೇ ರೀತಿ, ನಮ್ಮಲ್ಲಿ ವಿಚ್ಛೇದನ ಅಂತ ಇಲ್ಲವೇ ಇಲ್ಲ ಲಿಡಿಯಾ, ಆದರೆ ಅದು ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಅಂತ ಚರ್ಚಿನ ಕೋರ್ಟಿಗೆ ತೋರಿಸಿದರೆ ಬಿಡುಗಡೆ ಉಂಟು. ಅದನ್ನು ಕೇಳಿ ಎಷ್ಟೋ ದಿನ ಯೋಚಿಸಿದ್ದಳು, ತನಗಾಗಿದ್ದರೆ ಹೇಳಲು ಬಾಯಿ ಬರುತ್ತಿತ್ತೇ, ಮದುವೆಯೇ ಆಗಿರಲಿಲ್ಲವೆಂದು? ಆಗಿತ್ತಲ್ಲ. ಹುಸೇನಸಾಗರದ ದಂಡೆಯಲ್ಲಿ ಸುಟ್ಟ ಮೆಕ್ಕೆತೆನೆ ತಿನ್ನುತ್ತ ಅವನು ಹೇಳಿದ ಯಾವುದೋ ಪೆದ್ದು ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ಸುಳ್ಳೇ, ಬೀದರಿನ ಚರ್ಚಿನಲ್ಲಿ ಬಿಳಿ ಸೀರೆ ಉಟ್ಟು ಸಾವಿನ ತನಕ ಅಂದದ್ದು ಸುಳ್ಳೇ, ಅಲ್ಲ, ಅದು ಮದುವೆಯೇ, ಮುರಿಯಿತು, ಅಷ್ಟೇ, ಮುರಿದದ್ದನ್ನು ಇಲ್ಲವೇ ಇಲ್ಲವೆನ್ನುವುದು ಅವಳಿಗೆ ಆಗದು.

ಮತ್ತೆ ವಿಜಯಕುಮಾರ. ಅವನ ಹೆಸರು ನೆನೆದರೇ ನಗು ಬರುತ್ತದೆ, ಆ ಏಣಿಯ ಪ್ರಸಂಗದಿಂದ. ನಾಚಾರಂನಲ್ಲಿ ಅವಳು ಕೆಲಸ ಮಾಡುವುದು ಮಸಾಲೆಪುಡಿ ಪ್ಯಾಕಿಂಗಿನ ಕಡೆ, ಎಷ್ಟು ತೊಳೆದರೂ ಕೈಯಲ್ಲಿ ಧನಿಯಾ ವಾಸನೆ, ಅವನು ಅದೇ ಬೀದಿಯ ಇನ್ನೊಂದು ಕಾರ್ಖಾನೆಯಲ್ಲಿ ಮೋಟಾರು ರಿಪೇರಿ, ಹೆಂಡತಿ ಕಾಯಿಲೆಯಲ್ಲಿ ತೀರಿಹೋಗಿ ಬಹಳ ದಿನವಾದವನು, ಮಕ್ಕಳಿಲ್ಲ. ಬೀದಿಯಲ್ಲಿ ನೋಡಿದ ಮುಖವೇ ಭಾನುವಾರ ಕನ್ನಡ ಆರಾಧನೆಯಲ್ಲೂ ಸಿಕ್ಕಿತು, ಗಾಯನ ಮಂಡಳಿಯಲ್ಲಿ, ಹಾಡಲು ಬರುವುದಿಲ್ಲ, ಹಾರ್ಮೋನಿಯಂ ಹೊತ್ತು ತರುತ್ತಾನೆ, ತಂದವನನ್ನು ಹೊರಗೆ ನಿಲ್ಲಿಸುವುದು ಹೇಗೆಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಒಂದು ದಿನ ಕೂಕಟ್‌ಪಲ್ಲಿಯ ಮನೆಗೆ ಬಂದು ಫ್ಯಾನು ಸರಿಮಾಡಿಕೊಟ್ಟ, ಅತ್ತೆಯ ಏಣಿಯಿಂದಿಳಿದು ಕೈ ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ನಿಂತ, ಲಿಡಿಯಾ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು, ಕಿವಿಯೆಲ್ಲ ಇತ್ತ. ಅವ್ವಾರ, ಒಂದು ಮಾತು ಕೇಳೋದಿತ್ತು, ತಪ್ಪು ತಿಳಕೋಬ್ಯಾಡ್ರಿ, ನಿಮ್ಮ ಮನಿಯಿಂದ, ನೀವು ಹೂಂ ಅಂದ್ರ, ನಮ್ಮ ಮನಿಗೆ ಕರಕೊಂಡು… ಒಯ್ಯಬೇಕಂತ. ಮಾರ್ಥಾಬಾಯಿ ಏಣಿಯನ್ನು ನೋಡಿದರು, ಅವನನ್ನು ನೋಡಿದರು, ಅದಕ್ಕೇನ್ರಿ, ಒಯ್ರಿ, ಆದ್ರ ಐತವಾರದೊಳಗ ತಿರಗಿ ತಂದು ಬಿಡ್ರಿ, ನಮಗೂ ಜೇಡರ ಜಾಳಗಿ ತಗೀಬೇಕು. ಲಿಡಿಯಾ ಚಹಾ ಬಟ್ಟಲಿನ ಹೊರಗೆ ಸೋಸಿದಳು. ಅವನು ಮಾತ್ರ ನಗಲಿಲ್ಲ, ಬೆವರುತ್ತ ನಿಂತು, ಏಣಿ ಅಲ್ರಿ ಅವ್ವಾರ, ಲಿಡಿಯಾ ಅವರ್ನ, ಅಂದ, ಅತ್ತೆ ಒಳಗೆ ತಿರುಗಿ ಕೂಗಿದರು, ಲಿಡ್ಯಾ, ಚಾದಾಗ ಸಕ್ರಿ ಜಾಸ್ತಿ ಹಾಕು.

ಖೈರತಾಬಾದ್ ದಾಟಿತೇನೋ, ಸಕ್ಕರೆ ಹಾಕಿದರೆ ಸಾಕೇ, ಮದುವೆ ಚರ್ಚಿನಲ್ಲಾಗಬೇಕಲ್ಲ, ರಿಜಿಸ್ಟರಲ್ಲಿ ಆದರೆ ಸೂರ್ಯಕಾಂತನಿಗೂ ತನಗೂ ಏನು ಬೇರೆ, ದೇವರ ಮುಂದೆ ಮುಚ್ಚಿಟ್ಟು ಬಾಳುವ ವಯಸ್ಸೇ ಇದು. ಈಗಿನ ಅಯ್ಯನವರು ಚಿಕ್ಕ ವಯಸ್ಸಿನ ಮನೋಜಕುಮಾರ, ಕೇಳಿದ ತಕ್ಷಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ, ಸಭೆಯ ಹಿರಿಯರ ಮುಂದೆ ಇಡೋಣ್ರಿ ಅಂದರು. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆ, ಗೋಡೆಗೆ ಒರಗಿಸಿದ ಕ್ರಿಸ್ಮಸ್ಸಿನ ನಕ್ಷತ್ರ, ಮುರಿದ ಬೆಂಚು, ಹಿರಿಯರು ಒಂದು ಕಡೆ, ತಾನೂ ವಿಜಯಕುಮಾರನೂ ಇನ್ನೊಂದು ಕಡೆ, ನಡುವೆ ಕುರ್ಚಿ ಹಾಕಿಸಿಕೊಂಡು ಅತ್ತೆ. ಸಾಮ್ವೆಲಪ್ಪ ಮಾಸ್ತರು ಎದ್ದರು, ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು, ಸಿಟ್ಟಿಲ್ಲ, ದನಿ ಸಣ್ಣದು, ಕೆಟ್ಟ ಮನಸ್ಸಿಂದ ಹೇಳಂಗಿಲ್ಲ ಲಿಡಿಯಾ, ಆತ ವ್ಯಭಿಚಾರ ಮಾಡಿದ, ಬಿಡುಗಡಿ ಆತು, ಅದನ್ನ ಸ್ವಾಮಿಯ ಮಾತೇ ಒಪ್ಪತೈತಿ, ಆದ್ರ ಬಿಡುಗಡಿ ಬ್ಯಾರೆ, ಮತ್ತೊಂದು ಲಗ್ನ ಬ್ಯಾರೆ, ದೇವರು ಕೂಡಿಸಿದ್ದನ್ನ ಮನುಷ್ಯ ಬಿಡಿಸಂಗಿಲ್ಲ ಅಂದ ಮ್ಯಾಲ ಒಬ್ಬಾಕಿನೇ ಇರೋದೂ ಒಂದು ಸಾಕ್ಷಿ. ಲಿಡಿಯಾಗೆ ಆ ಮಾತು ಹೊಸದಲ್ಲ, ಎಷ್ಟೋ ರಾತ್ರಿ ತಾನೇ ತನಗೆ ಹೇಳಿಕೊಂಡದ್ದು, ಆದ್ದರಿಂದಲೇ ತಲೆ ತಗ್ಗಿತು, ಕಾಲಿನ ಕೆಳಗಿನ ನೆಲದಲ್ಲಿ ಒಂದು ಇರುವೆ ಕೇಕಿನ ಪುಡಿ ಎಳೆಯುತ್ತಿತ್ತು, ವಿಜಯಕುಮಾರ ಕೈ ಒರೆಸಿಕೊಳ್ಳುತ್ತಿದ್ದ, ಒರೆಸಲು ಏನೂ ಇರಲಿಲ್ಲ.

ಅಯ್ಯನವರು ಆಗ ಮಾತಾಡಿದರು, ನಾನೂ ಇದನ್ನ ಭಾಳ ಓದೀನ್ರಿ, ಮಂಡಿಯೂರಿ ಓದೀನಿ, ಒಂದೊಂದು ಸಭೆ ಒಂದೊಂದು ರೀತಿ ತಿಳಕೊಂಡೈತಿ, ಕೆಲವರು ಬ್ಯಾಡೇ ಬ್ಯಾಡ ಅಂತಾರ, ಕೆಲವರು ಮೋಸ ಹೋದವರಿಗೆ, ಬಿಟ್ಟು ಹಾಕಿಸಿಕೊಂಡವರಿಗೆ ಆ ಕಟ್ಟು ಇಲ್ಲ ಅಂತಾರ, ನನಗ ಒಂದು ತಿಳೀತು, ಸ್ವಾಮಿ ಆ ಮಾತು ಹೇಳಿದ್ದು ಯಾರಿಗೆ? ಹೆಂಡ್ತಿನ್ನ ಯಾವ ಯಾವ ಕಾರಣಕ್ಕ ಬಿಡಬಹುದು ಅಂತ ಕೇಳಾಕ ಬಂದ ಗಂಡಸರಿಗೆ, ಹೊರಗ ಹಾಕಿಸಿಕೊಳ್ಳೋ ಹೆಣ್ಣುಮಗಳನ್ನ ಕಾಯಾಕ ಹೇಳಿದ ಮಾತದು, ಅದೇ ಮಾತಿಂದ ಆಕಿನ್ನೇ ಮತ್ತೊಮ್ಮೆ ಹೊರಗ ಹಾಕೋಣೇನ್ರಿ? ಲಿಡಿಯಾ ತಲೆ ಎತ್ತಿದಳು. ಇಷ್ಟು ವರ್ಷ ಆ ಮಾತು ತನ್ನ ಮುಖಕ್ಕೆ ಹಾಕಿದ ಅಗುಳಿ ಎಂದುಕೊಂಡಿದ್ದಳು, ತನ್ನ ಬೆನ್ನಿಗೆ ನಿಂತ ಮಾತಿರಬಹುದೆಂದು ಯಾರೂ ಹೇಳಿರಲಿಲ್ಲ, ನಿಜವೋ, ಈ ಹುಡುಗ ಅಯ್ಯನವರು ತನ್ನ ಮೇಲಿನ ಕನಿಕರಕ್ಕೆ ಹೇಳಿದರೋ, ಇಲ್ಲ, ಕನಿಕರದ ಮುಖ ಹಾಗಿರುವುದಿಲ್ಲ, ಅದನ್ನು ಅವಳು ಸಾಕಷ್ಟು ನೋಡಿದ್ದಾಳೆ. ಸಾಮ್ವೆಲಪ್ಪ ಮಾಸ್ತರು ಮಾತ್ರ ಕೂಡಲಿಲ್ಲ, ನಿಂತೇ ಇದ್ದರು, ಬೆಂಚಿನ ಬೆನ್ನು ಹಿಡಿದುಕೊಂಡು, ಅಯ್ಯನವರ, ನನ್ನ ಮಗಳು ರಶ್ಮಿ ಗಂಡನ ಹೊಡತಾ ತಡೀಲಾರದೆ ಮನ್ಯಾಗ ಬಂದು ಕುಂತಾಳ, ಬಿಡುಗಡಿ ಆಗೈತಿ, ಹೋದ ವರ್ಷ ಒಳ್ಳೆ ಮನಿಯಿಂದ ಕೇಳಿಕೊಂಡು ಬಂದಿದ್ರು, ನಾನೇ ಬ್ಯಾಡ ಅಂದೆ, ಆಕಿ ಒಂದು ಮಾತು ಎದುರಾಡಲಿಲ್ಲ, ಈಗ ಇಲ್ಲಿ ಈಕಿಗೆ ಹೂಂ ಅಂದು ಮನಿಗೆ ಹೋಗಿ ಆಕಿ ಮುಂದ ಹ್ಯಾಂಗ ಕೂಡ್ಲಿ? ಮಾರ್ಥಾಬಾಯಿ ಮೊಣಕಾಲಿನ ಮೇಲೆ ಕೈಯೂರಿ ಎದ್ದರು, ಎದ್ದ ಮೇಲೂ ಅವರು ಮಾಸ್ತರ ಎದೆಮಟ್ಟಕ್ಕಷ್ಟೇ, ಅದಕ್ಯಾಕ ಚಿಂತಿ ಮಾಸ್ತರ್ರ, ಮನಿಗೆ ಹೋಗಿ ಆಕಿಗೂ ಹೂಂ ಅನ್ರಿ. ಅಷ್ಟೇ. ಆಮೇಲೆ ಇನ್ನೂ ಒಂದು ಮಾತು, ತಿಳಿಯಾಗಿ, ಮೆಂತ್ಯ ಸೋಸುವ ದನಿಯಲ್ಲೇ, ವಚನ ಮುರದಾಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ, ಆತನ ತಾಯಿ ನಾ ಹೇಳಾಕತ್ತೀನಿ, ಈಕಿನ್ನ ಬಿಟ್ಟುಕೊಡ್ತೀನಿ, ಬರ್ಕೋರಿ. ಮಾಸ್ತರು ಅವರನ್ನೇ ನೋಡುತ್ತ ನಿಂತು, ಟೋಪಿ ತೆಗೆದುಕೊಂಡು ಹೊರಗೆ ಹೋದರು, ಬೇಡವೆಂದೂ ಅನ್ನಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಕೈಯೆತ್ತಿದರು, ಬರುವ ತಿಂಗಳು ಮದುವೆಯೆಂದು ಅಯ್ಯನವರು ಹೇಳಿದರು, ವಿಜಯಕುಮಾರ ಹಾರ್ಮೋನಿಯಂ ಮರೆತು ಮನೆಗೆ ಹೋದ.

ನಾಂಪಲ್ಲಿ ಬಂತೇನು, ಅತ್ತೆ ಕಣ್ಣು ಬಿಟ್ಟಿದ್ದರು. ಬಂತ್ರಿ ಅತ್ತಿ, ಇನ್ನ ಎರಡು ಸ್ಟೇಶನ್. ಲಿಡ್ಯಾ, ಲಗ್ನಾ ಆದ ಮ್ಯಾಲ ನಾ ಬೀದರಕ್ಕ ಹೋಗ್ತೀನಿ, ನನ್ನ ತಂಗಿ ಮನ್ಯಾಗ ಒಂದು ಖೋಲಿ ಖಾಲಿ ಐತಿ. ಕಿಟಕಿಯಾಚೆ ನೋಡುತ್ತ, ಮಾರ್ಕೆಟಿಗೆ ಹೋಗಿ ಬರುತ್ತೇನೆ ಎಂಬಷ್ಟು ಸಸಾರವಾಗಿ, ಅಂದರೆ ಕಣ್ಣು ಮುಚ್ಚಿಕೊಂಡಿದ್ದು ನಿದ್ದೆಯೂ ಅಲ್ಲ ಪ್ರಾರ್ಥನೆಯೂ ಅಲ್ಲ, ಇದು. ಯಾಕ್ರಿ ಅತ್ತಿ, ನಾಚಾರಂದಾಗ ಅವರ ಮನಿ ದೊಡ್ಡದೈತಿ, ನೀವೂ ಬರಬೇಕು ಅಂತ ಅವರೇ ಹೇಳ್ಯಾರಲ್ರಿ. ದೊಡ್ಡದಿರ್ಲಿ, ಸೊಸಿ ಗಂಡನ ಮನ್ಯಾಗ ನಾ ಏನಂತ ಇರ್ಲಿ, ಕೇಳಿದವರಿಗೆ ಏನು ಹೇಳ್ಲಿ, ಸಂಬಂಧಕ್ಕ ಒಂದು ಹೆಸರು ಬೇಕಿಲ್ಲೇನು? ಸ್ಟೇಶನ್ ಬಂತು, ಲಿಡಿಯಾ ಅವರನ್ನು ಇಳಿಸಿಕೊಂಡಳು, ಮೆಟ್ಟಿಲು, ಕೋಠಿಯ ಗದ್ದಲ, ಆಟೋಗಳು, ಸರ ಮಾರುವವನು, ಔಷಧಿ ಅಂಗಡಿಯ ಸಾಲು, ಅತ್ತೆಯ ಮೊಣಕೈ ಹಿಡಿದು ದಾಟಿಸುತ್ತಿದ್ದಾಳೆ, ಈ ಮೊಣಕೈ ಬೀದರಿಗೆ ಹೋದರೆ ನನ್ನ ಕೈ ಏನು ಹಿಡಿಯಬೇಕು, ಒಂದು ಮದುವೆ ಮುರಿದಾಗ ಉಳಿದ ಒಂದೇ ನಂಟು, ಇನ್ನೊಂದು ಮದುವೆಗೆ ಅದನ್ನೂ ಮುರಿಯಬೇಕೇ, ಹಾಗಿದ್ದರೆ ಬೇಡವೇ ಬೇಡ ಈ ಸೀರೆ, ಎಂದುಕೊಳ್ಳುತ್ತಲೇ ಸೀರೆಯಂಗಡಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಬಿಳಿ ಗಾದಿಯ ಮೇಲೆ ಅತ್ತೆ ಕಾಲು ಚಾಚಿ ಕೂತರು, ತೂಗುಮೀಸೆಯ ಅಂಗಡಿಯವನು ತೆಲುಗಿನಲ್ಲಿ ಎವರಿಕಮ್ಮಾ, ಯಾರಿಗೆ ಅಂದ. ಅತ್ತೆಯ ತೆಲುಗು ಬೀದರಿನ ಗಡಿಯದು, ಮಾ ಕೋಡಲಿ ಪೆಳ್ಳಿ, ನನ್ನ ಸೊಸೆಯ ಮದುವೆ. ಅಂದರೆ ನಿಮ್ಮ ಮಗನ ಮದುವೆ ಎಂದು ಅವನು ತಿದ್ದಿದ. ಕಾದು, ಅಲ್ಲ, ಮಗಂದು ಯಾವಾಗೋ ಆಗಿಹೋಗೈತಿ, ಎರಡೆರಡು ಸಲ, ಇದು ಸೊಸೆಯದು. ಅವನ ಕೈಯಲ್ಲಿದ್ದ ಸೀರೆ ಅರ್ಧ ಬಿಚ್ಚಿ ನಿಂತಿತು, ಪಕ್ಕದ ಗಿರಾಕಿ ಹೆಂಗಸರು ತಿರುಗಿದರು, ಅತ್ತೆ ತೆಲುಗು ಸಾಲದೆ ಹಿಂದಿಗೆ ಬಂದರು, ಹಿಂದಿ ಸಾಲದೆ ಕನ್ನಡಕ್ಕೆ, ಬುರ್ಖಾದ ಒಬ್ಬ ಹಿರಿಯಳು ಎಲ್ಲ ಕೇಳಿ ಮಾಶಾಲ್ಲಾ ಎಂದು ಅತ್ತೆಯ ಗದ್ದ ಮುಟ್ಟಿ ನೋಡಿದಳು, ಲಿಡಿಯಾ ನಾಚಿಕೆಗೆ ಸೀರೆಯ ರಾಶಿಯಲ್ಲಿ ಮುಖ ಇಟ್ಟಳು, ನಾಚಿಕೆಯೋ ನಗುವೋ. ಬಿಳಿ ಬೇಡವೆಂದು ಅವಳೇ ಹೇಳಿದಳು, ಬಿಳಿ ಒಮ್ಮೆ ಉಟ್ಟಾಯಿತು, ಅದು ಅದರದೇ ಆಗಿರಲಿ. ಅತ್ತೆ ಗಿಳಿಹಸಿರು ಎತ್ತಿದರು, ಅಂಚು ಕೆಂಪು, ಕಣ್ಣು ಕುಕ್ಕುವಂಥದ್ದು, ಇದನ್ನುಟ್ಟರ ದೇವರಿಗೂ ದೂರಿಂದ ಕಾಣಸ್ತಿ. ಆಗಲೇ ಫೋನು, ರಶ್ಮಿ, ಸಾಮ್ವೆಲಪ್ಪ ಮಾಸ್ತರ ಮಗಳು. ಅಕ್ಕಾ, ಅಪ್ಪ ಕೇಳು ಅಂದ್ರು, ನಿಮ್ಮ ಲಗ್ನದ ದಿವಸ ಬೈಬಲ್ ಪಾಠ ಓದೋದು ಯಾರು, ಯಾರೂ ಇಲ್ಲಂದ್ರ ತಾವೇ ಓದ್ತಾರಂತ. ಓದ್ಲಿ ರಶ್ಮಿ, ಅವರೇ ಓದ್ಲಿ ಅಂದಳು ಲಿಡಿಯಾ, ಗೋಡೆಯತ್ತ ತಿರುಗಿ ಕೇಳಿದಳು, ನಿನ್ನ ವಿಷಯ? ನಂದೇನೂ ಅಂದಿಲ್ಲಕ್ಕ ಇನ್ನ, ಇವತ್ತ ಬೆಳಿಗ್ಗೆ ಅವರೇ ಚಾ ಮಾಡಿ ತಂದುಕೊಟ್ರು, ಹುಟ್ಟಿದಾಗಿಂದ ಮೊದಲನೇ ಸಲ, ಸಕ್ರಿ ಹಾಕೋದು ಮರತಿದ್ರು, ಹಂಗೇ ಕುಡದೆ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಅಂಗಡಿಯ ಗಲಾಟೆಯಲ್ಲಿ ತಿಳಿಯಲಿಲ್ಲ.

ವಿಜಯಕುಮಾರ ನಾಚಾರಂನಿಂದ ಬಸ್ಸು ಹಿಡಿದು ಅರ್ಧ ದಿನದ ರಜೆಯಲ್ಲಿ ಬಂದ, ಉಗುರಿನ ಸಂದಿಯಲ್ಲಿ ಎಣ್ಣೆಗಪ್ಪು, ಗಿಳಿಹಸಿರನ್ನು ನೋಡಿ ಬಾಯಿ ತೆರೆದು, ಲಿಡಿಯಾಳ ಮುಖ ನೋಡಿ ಮುಚ್ಚಿಕೊಂಡು, ಛಂದ ಐತಿ ಅಂದ. ಅತ್ತೆ ಅವನನ್ನು ಗಾದಿಯ ಮೇಲೆ ಕೂಡಿಸಿಕೊಂಡು ಅದನ್ನೇ ಕೇಳಿದರು, ನಿನ್ನ ಮನ್ಯಾಗ ನಾ ಇರಬೇಕು ಅಂದ್ಯಂತ, ನಾ ನಿನಗ ಏನಾಗಬೇಕು, ಅದನ್ನ ಹೇಳು ಮೊದಲ. ಅವನು ಮೋಟಾರಿನೊಳಗೆ ಇಣುಕುವಂತೆ ಯೋಚಿಸಿದ, ನಿಧಾನ. ಲಿಡಿಯಾ ನಿಮಗ ಏನಂತ ಕರೀತಾಳ್ರಿ? ಅತ್ತಿ ಅಂತಾಳ. ಹೆಂಡ್ತಿ ಕಡಿ ಹಿರೇ ಹೆಣ್ಣುಮಗಳಿಗೆ ಗಂಡಾದಾಂವ ಏನಂತಾನ್ರಿ? ಅತ್ತಿ ಅಂತಾನ. ಮತ್ತ ಮುಗೀತಲ್ರಿ, ಆಕಿಗೂ ಅತ್ತಿ, ನನಗೂ ಅತ್ತಿ, ಹೊಸ ಹೆಸರು ಯಾಕ ಬೇಕ್ರಿ. ಮಾರ್ಥಾಬಾಯಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಜಗಳಾದ್ರ ನಾ ಆಕಿ ಕಡೀನೇ ನೋಡು. ಹೂಂರಿ ಅತ್ತಿ. ಹಾಡು ಅಂತೂ ನಮ್ಮ ಮನ್ಯಾಗ ಹಾಡಬ್ಯಾಡ. ಇಲ್ರಿ ಅತ್ತಿ. ಹಂಗಾದ್ರ ಬೀದರದ ಖೋಲಿ ಖಾಲಿ ಇರ್ಲಿ ಬಿಡು, ಅಂದು ಏಳಲು ಕೈ ಚಾಚಿದರು, ಚಾಚಿದ್ದು ಅವನ ಕಡೆಗೆ.

ಸೀರೆಯ ಪೊಟ್ಟಣ ಕಂಕುಳಲ್ಲಿ, ಹೊರಗೆ ಬಿಸಿಲು, ಬಾಗಿಲ ಮುಂದೆ ಊರಿನ ಚಪ್ಪಲಿಯೆಲ್ಲ ಒಂದರ ಮೇಲೊಂದು ಬಿದ್ದು ಅತ್ತೆಯವು ಎಲ್ಲೋ, ಅವರಿಗೆ ಬಗ್ಗಲಾಗದು, ಲಿಡಿಯಾ ಬಗ್ಗಬೇಕೆನ್ನುವಷ್ಟರಲ್ಲಿ ಅವನು ಆಗಲೇ ಕುಕ್ಕರಗಾಲಲ್ಲಿ ಕೂತಿದ್ದ, ಇವಲ್ಲೇನ್ರಿ ಅತ್ತಿ, ಹುಡುಕಿ ತೆಗೆದ, ಹಿಮ್ಮಡಿ ಸವೆದ ಕಂದು ಚಪ್ಪಲಿ, ಅವರ ಕಾಲಿನ ಮುಂದೆ ಇಟ್ಟ, ಎಡದ್ದು ಬಲಕ್ಕೆ ಬಿತ್ತು, ತೆಗೆದು ಅದಲುಬದಲು ಮಾಡಿ ಮತ್ತೆ ಇಟ್ಟ — ಸಾವಿನ ತನಕ ಅಂತ ಮತ್ತೊಮ್ಮೆ ಹೇಳಬೇಕು ಬರುವ ತಿಂಗಳು, ಹೇಳಿದ ಮಾತನ್ನೇ ಇನ್ನೊಮ್ಮೆ ಹೇಳಲು ಬಾಯಿ ಬರುತ್ತದೆಯೇ ಎಂದು ಎಷ್ಟು ದಿನದಿಂದ ಯೋಚಿಸಿದ್ದಾಳೆ, ಈಗಲೂ ಅದನ್ನೇ ಯೋಚಿಸಹೊರಟವಳು, ಆ ಚಪ್ಪಲಿ, ಅವನ ಎಣ್ಣೆಗಪ್ಪು ಬೆರಳು, ಬರುತ್ತದೆ ಅನ್ನಿಸುತ್ತದೆ, ಚಪ್ಪಲಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಅತ್ತೆಯ ಹೆಬ್ಬೆರಳು ಪಟ್ಟಿಯೊಳಗೆ ತೂರಲು ದಾರಿ ಹುಡುಕುತ್ತಿದೆ, ಅವನು ಪಟ್ಟಿಯನ್ನು ಒಂದಿಷ್ಟು ಎತ್ತಿ ಹಿಡಿದಿದ್ದಾನೆ, ಎತ್ತಿ ಹಿಡಿದೇ ಇದ್ದಾನೆ